ಮೋಹಕ ಬಲೆ ತುಂಬ್ತಾ ಇದೆ, ಆದರೂ ಔಷಧಿ ಬೇಡ ಅಂತಾರೆ. ಯಾಕೆ?

ಮೆಕ್ಕೆಜೋಳದ ಹೊಸಬ:
ಕೃಷಿ ವಿಶ್ವವಿದ್ಯಾಲಯದವರು ನಮ್ಮ ಹೊಲದಲ್ಲಿ ಸಮಗ್ರ ಕೀಟ ನಿರ್ವಹಣೆಯ ಪ್ರಾತ್ಯಕ್ಷಿಕೆ ಇಟ್ಟಿದ್ದಾರೆ. ಬೆಳೆ ಮೊಣಕಾಲೆತ್ತರ ಬಂದಿದೆ. ಅವರು ಕಟ್ಟಿದ ಮೋಹಕ ಬಲೆಗೆ, ಅಂದರೆ ವಾಸನೆಯಿಂದ ಪತಂಗ ಸೆಳೆಯೋ ಬಲೆಗೆ, ಫಾಲ್ ಸೈನಿಕ ಹುಳುವಿನ ಪತಂಗಗಳು ದಿನಾ ಬೀಳುತ್ತಿವೆ, ಎಲೆಗಳಲ್ಲಿ ತೂತು ಕಾಣುತ್ತಿದೆ. ಫೋನ್ ಮಾಡಿದರೆ ‘ಎಣಿಸಿ, ಆಮೇಲೆ ನೋಡೋಣ’ ಅಂತಾರೆ. ಅದು ಸಾಲದು ಅಂತ ಒಂದು ತಾಕಿಗೆ ಹಗ್ಗ ಕಟ್ಟಿ, ಇದಕ್ಕೆ ಏನೂ ಹೊಡೆಯಲೇಬೇಡಿ ಅಂತ ಹೇಳಿ ಹೋಗಿದ್ದಾರೆ. ಅವರ ಸಂಶೋಧನೆಗೆ ನನ್ನ ಬೆಳೆ ಬಲಿಯಾ? ಬಲೆಯೇ ಹುಳುಗಳನ್ನು ಕರೆದು ತರುತ್ತಿದೆಯೇನೋ ಅನ್ನೋ ಅನುಮಾನವೂ ಇದೆ.

ಸೀದಾ ಮಾತು:
ಹೊಡೆದುಬಿಡಿ. ಹುಳು ಸುಳಿಯೊಳಗೆ ಇಳಿದ ಮೇಲೆ ಔಷಧಿ ತಗಲುವುದಿಲ್ಲ. ನೀವು ಎಣಿಸುತ್ತಾ ಕೂತರೆ ಅದು ತಿನ್ನುತ್ತಾ ಕೂರುತ್ತೆ, ಅಷ್ಟೇ.

ಬದುವಿನ ಮೇಲೆ:
ಇಂಥ ಪ್ರಾತ್ಯಕ್ಷಿಕೆಗಳಲ್ಲಿ ಕ್ಷೇತ್ರ ಸಹಾಯಕಿಯಾಗಿ ಹುಳ ಎಣಿಸಿದವಳು ನಾನು. ಸೀದಾ ಮಾತು ಅವರು ಹೇಳಿದ್ದರಲ್ಲಿ ಅರ್ಧ ಸರಿ. ದೊಡ್ಡ ಹುಳು ಸುಳಿಯೊಳಗೆ ಸೇರಿ ಹಿಕ್ಕೆಯಿಂದ ಬಾಯಿ ಮುಚ್ಚಿಕೊಂಡರೆ ಔಷಧಿ ಒಳಗೆ ಇಳಿಯೋದು ಕಷ್ಟ. ಅದಕ್ಕೇ ಬೇಗ ಎಣಿಸಿ ಅಂತ ಹೇಳೋದು, ಕಣ್ಣುಮುಚ್ಚಿ ಹೊಡೆಯಿರಿ ಅಂತಲ್ಲ.

ಮೊದಲು ಬಲೆ ವಿಷಯ. ಅದರಲ್ಲಿ ಇಟ್ಟಿರೋದು ಹೆಣ್ಣು ಪತಂಗದ ವಾಸನೆ, ಅದಕ್ಕೆ ಬೀಳೋದು ಗಂಡು ಪತಂಗ ಮಾತ್ರ. ಮೊಟ್ಟೆ ಇಡೋದು ಹೆಣ್ಣು, ಅದು ಆ ವಾಸನೆಗೆ ಬರುವುದಿಲ್ಲ. ಹೀಗಾಗಿ ನಾಲ್ಕಾರು ಬಲೆ ಕಟ್ಟಿದರೆ ಹುಳು ಕಮ್ಮಿಯಾಗಲ್ಲ. ಹೊಲಕ್ಕೆ ಇಳಿದು ನೋಡೋ ಕಾಲ ಬಂತು ಅಂತ ಬಲೆ ತಿಳಿಸುತ್ತೆ, ಅಷ್ಟೇ. ಬಲೆಯ ಲೆಕ್ಕ ನೋಡಿ ಔಷಧಿ ಹೊಡೆಯೋದು ತಪ್ಪು. ವಿಶ್ವವಿದ್ಯಾಲಯದವರು ಇದನ್ನು ಬಲೆ ಕಟ್ಟೋ ದಿನವೇ ಬಿಡಿಸಿ ಹೇಳಬೇಕಿತ್ತು.

ಇನ್ನು ಎಣಿಸೋದು. ಹೊಲದೊಳಗೆ ಅಂಕುಡೊಂಕಾಗಿ ನಡೀರಿ. ಐದು ಕಡೆ ನಿಲ್ಲಿ, ಪ್ರತಿ ಕಡೆ ಸಾಲಾಗಿ ಹತ್ತು ಗಿಡ ನೋಡಿ. ಬದುವಿನ ಪಕ್ಕದ ಗಿಡ ಬೇಡ. ಕೆಳಗಿನ ಎಲೆಗಳ ತೂತು ನೋಡಿ ಗಾಬರಿಯಾಗಬೇಡಿ, ಅದು ಹಳೇ ಕತೆ. ಎಲೆ ಬಿಚ್ಚಿಕೊಳ್ಳೋ ಹೊತ್ತಿಗೆ ತಿಂದ ಹುಳು ಸತ್ತೂ ಹೋಗಿರಬಹುದು. ಸುಳಿಯಿಂದ ಈಗಷ್ಟೇ ಬರುತ್ತಿರೋ ಎರಡು ಮೂರು ಎಲೆ ನೋಡಿ. ಮರಿಹುಳು ಇದ್ದರೆ ಹಸಿರು ಮಾತ್ರ ಕೆರೆದಿರುತ್ತೆ, ಬೆಳಕಿಗೆ ಹಿಡಿದರೆ ತೆಳು ಪೊರೆ ಉಳಿದಿರೋದು ಕಾಣುತ್ತೆ. ಇನ್ನೂ ಒಳಗೆ ಬಿಡಿಸಿದರೆ ಒದ್ದೆ ಮರದ ಹೊಟ್ಟಿನಂಥ ಹಿಕ್ಕೆ ಸಿಗುತ್ತೆ. ಹುಳು ಸಿಕ್ಕರೆ ತಲೆ ನೋಡಿ, ತಲೆಕೆಳಗಾದ ವೈ ಆಕಾರದ ಬಿಳಿ ಗೆರೆ ಇರುತ್ತೆ. ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಇವೆರಡೂ ಇದ್ದರೆ ಅದೇ.

ಔಷಧಿ ಹೊಡೆಯೋಕೆ ಎಳೆ ಬೆಳೆಯಲ್ಲಿ ಸಾಮಾನ್ಯವಾಗಿ ಹೇಳೋ ಮಟ್ಟ, ಹೊಸ ಹಾನಿಯಾದ ಗಿಡ ಶೇ. 20ರ ಆಸುಪಾಸು. ಅಂದರೆ ಐವತ್ತರಲ್ಲಿ ಹತ್ತು. ಹೂ ಬರೋವರೆಗೆ ಬೆಳೆ ಎತ್ತರವಾದಂತೆ ಈ ಮಟ್ಟವೂ ಏರುತ್ತೆ. ಎಲೆಯ ಹಾನಿಯನ್ನು ಮೆಕ್ಕೆಜೋಳ ಚೆನ್ನಾಗೇ ತಡೆದುಕೊಳ್ಳುತ್ತೆ.

ಮೆಕ್ಕೆಜೋಳದ ಹೊಸಬ:
ಮೇಡಂ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಆದರೆ ಈ ಶೇ. 20 ಎಲ್ಲಿಂದ ಬಂತು? ಒಂದೇ ಹುಳು ಇದ್ದಾಗಲೇ ಮುಗಿಸಿಬಿಟ್ಟರೆ ಒಳ್ಳೇದಲ್ವಾ?

ಬದುವಿನ ಮೇಲೆ:
ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಟರ್ನ್, ಸ್ಮಿತ್, ವಾನ್ ಡೆನ್ ಬಾಷ್, ಹೇಗನ್ 1959ರಲ್ಲಿ ಬರೆದ ಲೇಖನದಲ್ಲಿ ಈ ಯೋಚನೆಯ ಬೇರು ಇದೆ. ಹುಳು ಮಾಡೋ ನಷ್ಟ ಔಷಧಿಯ ಖರ್ಚಿಗೆ ಸಮನಾಗೋ ಹಂತ ಒಂದು. ಅಲ್ಲಿಗೆ ಮುಟ್ಟೋ ಮೊದಲೇ ಕೈ ಹಾಕಬೇಕಾದ ಹಂತ ಇನ್ನೊಂದು, ಅದು ಸ್ವಲ್ಪ ಕೆಳಗಿರುತ್ತೆ. ಬೆಳೆಗೆ ಬೆಲೆ ಏರಿದರೆ ಮಟ್ಟ ಇಳಿಯುತ್ತೆ. ಔಷಧಿ ದುಬಾರಿಯಾದರೆ ಏರುತ್ತೆ. ಹಾಗಾಗಿ ಶೇ. 20 ಕಲ್ಲಲ್ಲಿ ಕೊರೆದಿದ್ದೇನಲ್ಲ.

ಒಂದೇ ಹುಳಕ್ಕೂ ಹೊಡೆದರೆ ಏನಾಗುತ್ತೆ ಅನ್ನೋದಕ್ಕೆ ಇಂಡೋನೇಷ್ಯಾದ ಭತ್ತ ನೋಡಿ. ಅಲ್ಲಿ ಔಷಧಿ ಹೊಡೆದಷ್ಟೂ ಕಂದು ಜಿಗಿಹುಳು ಜಾಸ್ತಿಯಾಯಿತು. ಅದು ಮೊಟ್ಟೆಯನ್ನು ಎಲೆಯ ಕವಚದೊಳಗೆ ಇಡುತ್ತೆ, ಔಷಧಿ ತಾಕಲ್ಲ. ಅದನ್ನು ತಿನ್ನೋ ಜೇಡಗಳು ಮಾತ್ರ ಸಾಯುತ್ತಿದ್ದವು. ಮೊಟ್ಟೆ ಒಡೆದಾಗ ಹೊಲದಲ್ಲಿ ಶತ್ರುವೇ ಇಲ್ಲ. ಕಡೆಗೆ 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತು. 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜೊತೆ ಸೇರಿ ರೈತರ ಕ್ಷೇತ್ರ ಪಾಠಶಾಲೆ ಶುರುವಾಯಿತು. ವಾರಕ್ಕೊಮ್ಮೆ ರೈತರೇ ಗದ್ದೆಗಿಳಿದು ಹುಳ, ಜೇಡ ಎಣಿಸಿ, ಚಿತ್ರ ಬರೆದು, ಹೊಡೆಯಬೇಕಾ ಬೇಡ್ವಾ ಅಂತ ತಾವೇ ತೀರ್ಮಾನ ಮಾಡುತ್ತಿದ್ದರು. ಕರಪತ್ರ ಹಂಚಿ, ಫೋಟೋ ತೆಗೆಸಿಕೊಂಡು ಹೋಗೋ ವಿಸ್ತರಣೆ ನನಗೆ ಹಿಡಿಸಲ್ಲ. ಒಂದು ಸಲ ಜೊತೆಗೆ ನಡೆದು ಸುಳಿ ಬಿಡಿಸಿ ತೋರಿಸಿದರೆ ಅದು ಹತ್ತು ಕ್ಷೇತ್ರೋತ್ಸವಕ್ಕಿಂತ ಮೇಲು.

ಸೀದಾ ಮಾತು:
ಭತ್ತದ ಕತೆ ಒಪ್ಪಿದೆ. ಆದರೆ ಆ ಹಗ್ಗ ಕಟ್ಟಿದ ತಾಕು? ನಷ್ಟ ರೈತನದ್ದೇ ಅಲ್ವಾ?

ಬದುವಿನ ಮೇಲೆ:
ಆ ತಾಕು ಇಲ್ಲದಿದ್ದರೆ ಪ್ರಯೋಗವೇ ಇಲ್ಲ. ಪಕ್ಕದಲ್ಲಿ ಹುಳು ಇಳಿದಿದ್ದು ಔಷಧಿಯಿಂದಲೋ ಮಳೆಯಿಂದಲೋ ಅಂತ ಹೇಳೋದು ಹೇಗೆ? ಆದರೆ ನಷ್ಟದ ಮಾತು ನ್ಯಾಯವಾದದ್ದೇ. ಆ ತಾಕಿನ ಇಳುವರಿ ಕಮ್ಮಿಯಾದರೆ ಯಾರು ತುಂಬಿಕೊಡೋದು ಅಂತ ಬಿತ್ತನೆಗೆ ಮೊದಲೇ ಮಾತಾಗಬೇಕು. ಹೊಸಬರೇ, ಈಗಲಾದರೂ ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ. ಮುಂದಿನ ಸಲ ಅವರು ಬಂದಾಗ ಲ್ಯೂರ್ (ಬಲೆಯೊಳಗೆ ಇಡೋ ವಾಸನೆಯ ತುಣುಕು) ಯಾವತ್ತು ಹಾಕಿದ್ದು ಅಂತಲೂ ಕೇಳಿ, ಹಳೇದಾದರೆ ವಾಸನೆ ಸತ್ತು ಬಲೆ ಸುಮ್ನೆ ಖಾಲಿ ನೇತಾಡುತ್ತೆ. ಹೊಡೆಯೋ ಮಟ್ಟ ಬಂದರೆ ಸಂಜೆ ಹೊಡೀರಿ, ನಾಜಲ್ ಸುಳಿಗೇ ಹಿಡೀರಿ. ಮತ್ತೆ, ಭಯಕ್ಕೆ ಆ ಹಗ್ಗದೊಳಗೆ ಈಗಾಗಲೇ ಹೊಡೆದಿದ್ದರೆ ಅವರಿಗೆ ಹೇಳಿಬಿಡಿ. ಬೈದರೂ ಪರವಾಗಿಲ್ಲ. ಹೇಳದಿದ್ದರೆ ತಪ್ಪು ಲೆಕ್ಕ ಶಿಫಾರಸಾಗಿ ಎಲ್ಲರ ಹೊಲಕ್ಕೂ ಬರುತ್ತೆ.

ಮೆಕ್ಕೆಜೋಳದ ಹೊಸಬ:
ಹೊಡೆದಿಲ್ಲ ಮೇಡಂ, ಕ್ಯಾನು ಬಾಗಿಲ ಹತ್ತಿರ ಇತ್ತು ಅಷ್ಟೇ. ಈಗ ಎಣಿಸಿ ಬಂದೆ. ಐವತ್ತರಲ್ಲಿ ನಾಲ್ಕು ಗಿಡಕ್ಕೆ ಹೊಸ ಹಾನಿ. ಮೂರು ದಿನ ಬಿಟ್ಟು ಮತ್ತೆ ಎಣಿಸಿ ಇಲ್ಲೇ ಹಾಕ್ತೀನಿ.