ಹಳಬರ ಧ್ವನಿಮುದ್ರಣವೇ ಸಾಕೆನಿಸುತ್ತದೆ, ಈಗಿನ ಗಾಯಕರಿಗೆ ಕಿವಿ ಕೊಡುವುದು ಹೇಗೆ?

ಬ್ರಹ್ಮಪುರದ ಕೇಳುಗ, ಕಲಬುರಗಿ:

ಎಲ್ಲರಿಗೂ ಶರಣು. ಹಿಂದೂಸ್ತಾನಿ ಸಂಗೀತ ಕೇಳುವವರು ಇಲ್ಲಿ ಬಹಳ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ನನ್ನ ಮೊಬೈಲಿನಲ್ಲಿ ಇರುವವರೆಲ್ಲ ಹಳಬರು. ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್, ಕುಮಾರ ಗಂಧರ್ವ. ವಚನ ಬೇಕೆನಿಸಿದರೆ ಸಿದ್ಧರಾಮ ಜಂಬಲದಿನ್ನಿ. ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ದಿನವಿಡೀ ಮಷಿನ್ನಿನ ಸದ್ದು ಕೇಳಿ ಮನೆಗೆ ಬಂದ ಮೇಲೆ ಇವರಲ್ಲಿ ಒಬ್ಬರನ್ನು ಹಚ್ಚಿ ಕೂತರೆ ಜೀವಕ್ಕೆ ಸಮಾಧಾನ.

ಅಕ್ಕನ ಮಗ ತಬಲಾ ಕಲಿಯುತ್ತಿದ್ದಾನೆ. "ಮಾಮಾ, ನೀವು ಕೇಳುವವರಲ್ಲಿ ಒಬ್ಬರೂ ಈಗ ಬದುಕಿಲ್ಲ" ಎಂದ. ಅವನು ಹೇಳಿದ್ದು ನಿಜ, ಅದಕ್ಕೇ ಆ ಮಾತು ತಲೆಯಲ್ಲಿ ಕೂತುಬಿಟ್ಟಿದೆ.

ಹೊಸಬರನ್ನು ಕೇಳಿಯೇ ಇಲ್ಲ ಅಂತಲ್ಲ. ಯಾರೋ ಚೆನ್ನಾಗಿ ಹಾಡುತ್ತಾರೆ ಎಂದರೆ ಹಚ್ಚಿ ಕೇಳುತ್ತೇನೆ. ಸ್ವರ ಸರಿ ಇರುತ್ತದೆ, ವೇಗದ ಸ್ವರಗಳ ತಾನ್ ಸಲೀಸಾಗಿ ಓಡುತ್ತವೆ, ತಯಾರಿಯಲ್ಲಿ ಏನೂ ಕಮ್ಮಿ ಇಲ್ಲ. ಆದರೆ ಶುರುವಿನ ನಿಧಾನ ಲಯದ ವಿಲಂಬಿತ್ ಮುಗಿಯುವುದರೊಳಗೆ ನನ್ನ ಮನಸ್ಸು ಎದ್ದು ಹೋಗಿರುತ್ತದೆ, ಯಾಕೆಂದರೆ ಅದೇ ರಾಗದಲ್ಲಿ ಭೀಮಸೇನರು ಎಲ್ಲಿ ನಿಲ್ಲುತ್ತಿದ್ದರು, ಎಲ್ಲಿಂದ ಜಿಗಿಯುತ್ತಿದ್ದರು ಅಂತ ಒಳಗೊಳಗೇ ನಡೆದಿರುತ್ತದೆ. ನಿಜವಾಗಿಯೂ ಈಗಿನವರಲ್ಲಿ ಆ ಸತ್ವ ಇಲ್ಲವಾ, ಅಥವಾ ನನಗೆ ಕೇಳಲು ಬರುತ್ತಿಲ್ಲವಾ? ನೀವು ಎರಡನ್ನೂ ಹೇಗೆ ನಿಭಾಯಿಸುತ್ತೀರಿ?


ತಂಬೂರಿ, ಕಲಬುರಗಿ:

ಅಣ್ಣಾ, ನಾನು ಇಲ್ಲೇ ಮಕ್ಕಳಿಗೆ ಹಾಡು ಕಲಿಸುತ್ತೇನೆ. ಈ ಪ್ರಶ್ನೆ ಪಾಲಕರೂ ಕೇಳುತ್ತಾರೆ.

ಒಂದು ವಿಷಯ ನೋಡಿ. ನೀವು ಹಚ್ಚಿ ಕೇಳುವ ಮನ್ಸೂರರಿಗೆ ಆಗ ವಯಸ್ಸೆಷ್ಟು? ಅವರು ಹುಟ್ಟಿದ್ದು 1910ರಲ್ಲಿ. ಬಸಂತಿ ಕೇದಾರ, ಖಟ್, ಸಂಪೂರ್ಣ ಮಾಲಕಂಸ ಅಂತ ನಾವು ಹುಡುಕಿ ಹುಡುಕಿ ಕೇಳುವ ದೊಡ್ಡ ಧ್ವನಿಮುದ್ರಣಗಳು ಬಹುಪಾಲು ಅವರ ಅರವತ್ತನೇ ವಯಸ್ಸಿನ ಆಚೀಚೆಯವು, ಕೆಲವು ಎಪ್ಪತ್ತು ದಾಟಿದ ಮೇಲಿನವು. ಪದ್ಮಶ್ರೀ ಬಂದಿದ್ದೇ 1970ರಲ್ಲಿ. ಪದ್ಮವಿಭೂಷಣ 1992ರಲ್ಲಿ, ಅದೇ ವರ್ಷ ಅವರು ತೀರಿಕೊಂಡರು. ನೀಲಕಂಠ ಬುವಾ ಮಿರಜಕರ ಹತ್ತಿರ ಗ್ವಾಲಿಯರ್ ಶೈಲಿಯ ಹಾಡಿಕೆ ಕಲಿತು, ಆಮೇಲೆ ಮಂಜೀಖಾನ್, ಭೂರ್ಜೀಖಾನ್ ಹತ್ತಿರ ಜೈಪುರದ್ದು ಕಲಿತು, ಅದನ್ನೆಲ್ಲ ದಶಕಗಟ್ಟಲೆ ಹಾಡಿ ಹಾಡಿ ಅರಗಿಸಿಕೊಂಡ ಮೇಲಿನ ಹಾಡು ಅದು. ಅದನ್ನು ತಲೆಯಲ್ಲಿ ಇಟ್ಟುಕೊಂಡು ಮೂವತ್ತೈದು ವರ್ಷದ ಹುಡುಗನ ಖ್ಯಾಲ್ ಕೇಳಿದರೆ ಆ ಹುಡುಗ ಹೇಗೆ ತಾನೇ ನಿಲ್ಲುತ್ತಾನೆ?

ತರುಣ ಮನ್ಸೂರರ 78ರ ಪ್ಲೇಟುಗಳೂ (ನಿಮಿಷಕ್ಕೆ 78 ಸುತ್ತು ತಿರುಗುವ ಹಳೆ ಗ್ರಾಮಫೋನ್ ಪ್ಲೇಟು) ಸಿಗುತ್ತವೆ. ಕೇಳಿ ನೋಡಿ. ಚುರುಕಾದ, ಓಡುವ ಹಾಡು, ಬೇರೆಯದೇ ಮನುಷ್ಯ. ಅದರ ಪಕ್ಕಕ್ಕೆ ಈಗಿನ ತರುಣರನ್ನು ಇಟ್ಟು ಕೇಳಿದರೆ ನ್ಯಾಯ.

ಇನ್ನೊಂದು ಹತ್ತಿರದ ಉದಾಹರಣೆ ವೆಂಕಟೇಶ ಕುಮಾರರದು. 1953ರಲ್ಲಿ ಹುಟ್ಟಿದವರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಹತ್ತಿರ ಹನ್ನೆರಡು ವರ್ಷ ಕಲಿತರು. ನಮ್ಮ ಕಡೆ ಮೊದಲಿಂದ ಗೊತ್ತಿದ್ದರೂ ದೇಶಕ್ಕೆಲ್ಲ ಹೆಸರು ಮುಟ್ಟಿದ್ದು ಐವತ್ತು ದಾಟಿದ ಮೇಲೆ, ಪದ್ಮಶ್ರೀ 2016ರಲ್ಲಿ. ಅವರು ನಲವತ್ತರಲ್ಲಿದ್ದಾಗ "ಹಳಬರ ಹಾಗೆ ಈಗ ಯಾರೂ ಇಲ್ಲ" ಅಂತ ಕೂತವರಿಗೆ ಅವರು ಸಿಗಲೇ ಇಲ್ಲ ಅಲ್ವಾ?

ಹೇಗೆ ಶುರು ಮಾಡಬೇಕು ಅಂದರೆ, ಯಮನ್, ದರ್ಬಾರಿ, ಮಾಲಕಂಸ ಸದ್ಯಕ್ಕೆ ಬಿಟ್ಟುಬಿಡಿ. ಆ ರಾಗಗಳು ನಿಮ್ಮ ತಲೆಯಲ್ಲಿ ಆಗಲೇ ಒಬ್ಬರ ಹೆಸರಿಗೆ ಖಾತೆ ಆಗಿಬಿಟ್ಟಿವೆ. ನೀವು ಹೆಚ್ಚು ಕೇಳದ ರಾಗ ಆರಿಸಿ. ಆಮೇಲೆ ಗುರುವಿನ ದಾರಿ ಹಿಡಿದು ಹೋಗಿ. ರಾಜಗುರು ಇಷ್ಟವಾದರೆ ಅವರ ಶಿಷ್ಯರು ಗಣಪತಿ ಭಟ್ಟ ಹಾಸಣಗಿ, ಪರಮೇಶ್ವರ ಹೆಗಡೆ ಇದ್ದಾರೆ. ಭೀಮಸೇನರ ಶಿಷ್ಯ ಶ್ರೀಪತಿ ಪಾಡಿಗಾರರ ಹತ್ತಿರ ಕಲಿತವರು ಜಯತೀರ್ಥ ಮೇವುಂಡಿ. ಮೊದಲು ಅರ್ಜುನಸಾ ನಾಕೋಡರ ಹತ್ತಿರ ಕಲಿತವರು. ಪರಿಚಯದ ಒಂದು ಜಾಗ ಕಿವಿಗೆ ಸಿಕ್ಕಿತು ಅಂದರೆ, ಅವರದೇ ಆದದ್ದು ಎಲ್ಲಿ ಶುರುವಾಗುತ್ತದೆ ಅನ್ನುವುದು ತಾನಾಗಿ ಗೊತ್ತಾಗುತ್ತದೆ.


ಹಳೆ ಪ್ಲೇಟು, ಬೀದರ್:

ಅಕ್ಕಾವರ ಮಾತು ಒಪ್ಪುತ್ತೇನೆ. ಆದರೂ ಹಳೆಯದನ್ನು ಕೇಳುವವನು ಏನೋ ತಪ್ಪು ಮಾಡಿದ ಹಾಗೆ ಯಾಕೆ ಕೂರಬೇಕು? ಮನಸ್ಸು ಹಿಡಿದದ್ದನ್ನು ಕೇಳಲು ಯಾರ ಅಪ್ಪಣೆಯೂ ಬೇಡ.

ನನ್ನ ಹುಚ್ಚು 78ರ ಪ್ಲೇಟು. ಒಂದು ಬದಿಗೆ ಮೂರು, ಮೂರೂವರೆ ನಿಮಿಷ. ಅಷ್ಟೇ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಪ್ಲೇಟಿಗೆ ಹಾಡಿದಾಗ ಹಾಡಿನ ಕೊನೆಗೆ ತಮ್ಮ ಹೆಸರನ್ನೂ ಕೂಗಿ ಹೇಳುತ್ತಿದ್ದರು, ಜರ್ಮನಿಯಲ್ಲಿ ಪ್ಲೇಟು ಮಾಡುವವರಿಗೆ ಇದು ಯಾರದೆಂದು ಗೊತ್ತಾಗಲಿ ಅಂತ. ಆ ಮೂರು ನಿಮಿಷದಲ್ಲಿ ಹೆಸರಿಗೂ ಜಾಗ ಬಿಡಬೇಕು! ಅಬ್ದುಲ್ ಕರೀಂ ಖಾನ್ ಸಾಹೇಬರ ಝಿಂಝೋಟಿ ಠುಮ್ರಿ ಕೇಳಿ. ಪೀಠಿಕೆ ಇಲ್ಲ, ಗಂಟಲು ಸರಿ ಮಾಡಿಕೊಳ್ಳುವುದಿಲ್ಲ. ಬಾಯಿ ತೆಗೆದ ಕೂಡಲೇ ರಾಗ ಪೂರ್ತಿ ಎದುರಿಗೆ ಬಂದು ನಿಲ್ಲುತ್ತದೆ. ಒಂದು ಸ್ವರವೂ ದಂಡಕ್ಕೆ ಬಿದ್ದಿಲ್ಲ. ಹುಡುಗ ಭೀಮಸೇನ ಅಂಗಡಿಯಲ್ಲಿ ಕೇಳಿ ಮರುಳಾಗಿದ್ದು ಇದೇ ಪ್ಲೇಟು ಅನ್ನುತ್ತಾರೆ. 1933ರಲ್ಲಿ, ಹನ್ನೊಂದನೇ ವಯಸ್ಸಿಗೆ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಹೋದರು. ಒಂದು ಧ್ವನಿಮುದ್ರಣ ಅಷ್ಟು ಮಾಡಬಲ್ಲದು. ಅದನ್ನು ಹಳೆ ಸಾಮಾನು ಅನ್ನಬೇಡಿ.

ಕೇಳುವಾಗ ಒಂದು ಎಚ್ಚರ ಇರಲಿ. ಯೂಟ್ಯೂಬಿಗೆ ಏರಿಸುವವರು ಎಷ್ಟೋ ಸಲ ಪ್ಲೇಟಿನ ವೇಗ ಸರಿ ನೋಡಿರುವುದಿಲ್ಲ. ವೇಗ ಸ್ವಲ್ಪ ಹೆಚ್ಚಾದರೂ ಸ್ವರ ಮೇಲೇರುತ್ತದೆ, ಧ್ವನಿ ತೆಳ್ಳಗಾಗುತ್ತದೆ, ಮನುಷ್ಯ ಅವಸರದಲ್ಲಿ ಹಾಡಿದ ಹಾಗೆ ಕೇಳುತ್ತದೆ. ಖಾನ್ ಸಾಹೇಬರ ಶ್ರುತಿ ಮೊದಲೇ ಎತ್ತರದ್ದು. ಒಂದೇ ಪ್ಲೇಟನ್ನು ಎರಡು ಮೂರು ಕಡೆ ಹುಡುಕಿ ಕೇಳಿ. 1905ರ ಸುಮಾರಿಗೆ ಅವರು ಆಗಿನ ಮುದ್ರಣ ಯಂತ್ರದ ಕೊಳವೆಯ ಮುಂದೆ ಹಾಡಿದವು ಬೇರೆ, 1930ರ ದಶಕದಲ್ಲಿ ಮೈಕಿನ ಮುಂದೆ ಹಾಡಿದವು ಬೇರೆ. ಕೊಳವೆಗೆ ಜೋರಾಗಿ ಹಾಡಲೇಬೇಕಿತ್ತು. ಮೈಕ್ ಬಂದ ಮೇಲೆ ಸಣ್ಣ ಧ್ವನಿಗೂ ಬೆಲೆ ಬಂತು.

ಈಗಿನವರ ಬಗ್ಗೆ ನನ್ನ ತಕರಾರು ಒಂದೇ. ಒಂದು ನಿಮಿಷದ ತುಣುಕಿಗಾಗಿ ತಾನ್ ಹಾಕುತ್ತಾರೆ. ರಾಗ ಕೂರಲು ಬಿಡುವುದಿಲ್ಲ.


ಬ್ರಹ್ಮಪುರದ ಕೇಳುಗ:

ಅಕ್ಕಾ, ವಯಸ್ಸಿನ ಮಾತು ನನಗೆ ಹೊಳೆದೇ ಇರಲಿಲ್ಲ. ನಿನ್ನೆ ಭೀಮಸೇನರ 1960ರ ದಶಕದ ಎಲ್‌ಪಿ ಒಂದನ್ನು ಮತ್ತೆ ಹಚ್ಚಿದೆ. ಆಗ ಅವರಿಗೆ ನಲವತ್ತು ಚಿಲ್ಲರೆ. ಎಂಥ ರಭಸ! ವಯಸ್ಸಾದ ಮೇಲಿನ ಅವರ ಹಾಡಿನಲ್ಲಿ ಸ್ವರದ ಮೇಲೆ ಹೆಚ್ಚು ಹೊತ್ತು ಕೂರುತ್ತಾರೆ, ನಾನು ಅದಕ್ಕೇ ಒಗ್ಗಿಹೋಗಿದ್ದೆ. ಬೀದರಿನ ಅಣ್ಣಾವರು ಹೇಳಿದ ತುಣುಕಿನ ಮಾತು ನನಗೂ ಅನಿಸಿದ್ದೇ. ಆದರೆ ಆ ತುಣುಕು ಬಿಟ್ಟು ಪೂರ್ತಿ ಕೇಳುವುದು ಎಲ್ಲಿ? ನಮ್ಮ ಊರಲ್ಲಿ ಬೈಠಕ್, ಅಂದರೆ ಎದುರಿಗೆ ಕೂತು ಕೇಳುವ ಕಛೇರಿ, ಅಪರೂಪ.


ಸೇಡಂ ರಸ್ತೆ ಹುಡುಗ:

ಕಾಕಾ, ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ, ಸಿತಾರ್ ಕಲಿಯುತ್ತೇನೆ. ತುಣುಕಿನ ತಕರಾರು ಹಾಡುವವರ ಮೇಲೆ ಹಾಕುವುದು ಸರಿ ಅಲ್ಲ. ಅವರು ಕಛೇರಿಯಲ್ಲಿ ಮುಕ್ಕಾಲು ಗಂಟೆ ಒಂದೇ ರಾಗ ಹಾಡಿರುತ್ತಾರೆ, ನಾವು ನೋಡುವುದು ಕತ್ತರಿಸಿ ಹಾಕಿದ ಕೊನೆಯ ತಾನ್. ಲಂಡನ್ನಿನ ದರ್ಬಾರ್ ಉತ್ಸವದವರು ಯೂಟ್ಯೂಬಿನಲ್ಲಿ ಒಳ್ಳೆ ಮುದ್ರಣಗಳನ್ನು ಹಾಕಿದ್ದಾರೆ. ವೆಂಕಟೇಶ ಕುಮಾರರದೂ ಇದೆ, ಕೌಶಿಕಿ ಚಕ್ರವರ್ತಿಯವರದೂ ಇದೆ. ಹೆಡ್‌ಫೋನ್ ಹಾಕಿಕೊಂಡು, ಮೊಬೈಲ್ ಬೋರಲು ಹಾಕಿ ಕೇಳಿ. ಪರದೆ ನೋಡುತ್ತಾ ಕೂತರೆ ಬೆರಳು ಸುಮ್ನೆ ಇರುವುದಿಲ್ಲ.

ಹಾಡಿಗೆ ಹಳಬರೇ ಬೇಕು ಅನಿಸಿದರೆ ಹೊಸಬರನ್ನು ವಾದ್ಯದಲ್ಲಿ ಕೇಳಿ. ಧಾರವಾಡದ ಸಿತಾರ್ ಮನೆತನ ಇದೆಯಲ್ಲ, ರಹಿಮತ್ ಖಾನರದು, ಬಾಲೇಖಾನರದು. ಆ ಮನೆಯವರು ಈಗಲೂ ನುಡಿಸುತ್ತಿದ್ದಾರೆ. ಛೋಟೆ ರಹಿಮತ್ ಖಾನ್ ಅವರನ್ನು ಹುಡುಕಿ. ಭೀಮಸೇನರ ಹಾಡು ತಲೆಯೊಳಗೆ ಬಂದು ಅಡ್ಡ ನಿಲ್ಲುವುದಿಲ್ಲ, ಯಾಕೆಂದರೆ ಅದು ಬೇರೆಯೇ ಧ್ವನಿ.

ಇನ್ನೊಂದು ಹೇಳಬೇಕು. ಕುಮಾರ ಗಂಧರ್ವರು ನಿಮ್ಮ ಹಳಬರ ಪಟ್ಟಿಯಲ್ಲಿದ್ದಾರೆ. ಚಿಕ್ಕ ಹುಡುಗನಾಗಿದ್ದಾಗ ಅವರು ದೊಡ್ಡವರ ಪ್ಲೇಟುಗಳನ್ನು ಕೇಳಿ ಹಾಗೇ ಹಾಡಿ ತೋರಿಸಿ ಹೆಸರಾದವರು. ಆಮೇಲೆ ಕ್ಷಯ ಬಂದು, ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದು, ಎದ್ದ ಮೇಲೆ ಆ ನಕಲು ಹಾಡಿಕೆ ಪೂರ್ತಿ ಬಿಟ್ಟು ತಮ್ಮದೇ ದಾರಿ ಮಾಡಿಕೊಂಡರು. ಆಗಿನ ಕಾಲದ ಹಿರಿಯ ಕೇಳುಗರಲ್ಲಿ ಎಷ್ಟೋ ಜನ ಇದನ್ನು ಒಪ್ಪಲಿಲ್ಲ. ಅವರಿಗೂ ಇವರು ಹೊಸಬರೇ ಆಗಿದ್ದರು.


ತತ್ವಪದ, ಯಾದಗಿರಿ:

ನಾನು ಶಾಸ್ತ್ರೀಯದವನಲ್ಲ, ಭಜನಾ ಮಂಡಳಿಯವನು. ನಿಮ್ಮೆಲ್ಲರ ಮಾತು ಓದಿ ಒಂದು ಹೇಳಬೇಕೆನಿಸಿತು. ನಿಮಗೆ ಆರಿಸಿಕೊಳ್ಳಲು ಹಳೆಯ ಮುದ್ರಣಗಳಾದರೂ ಇವೆ. ನಮ್ಮ ಭಾಗದ ದೊಡ್ಡ ಹಾಡು ಅಂದರೆ ಕಡಕೋಳ ಮಡಿವಾಳಪ್ಪನವರ ತತ್ವಪದ. ಅವರ ಶಿಷ್ಯ ಬಳಗದಲ್ಲಿ ಚೆನ್ನೂರ ಜಲಾಲಸಾಹೇಬರು ಇದ್ದರು, ಖೈನೂರ ಕೃಷ್ಣಪ್ಪ ಇದ್ದರು, ಅರಳಗುಂಡಗಿಯ ದೇವಿಯಮ್ಮ ಇದ್ದರು. ಇವರ ಪದಗಳನ್ನು ನಮ್ಮ ಅಜ್ಜಂದಿರ ಕಾಲದಲ್ಲಿ ಹೇಗೆ ಹಾಡುತ್ತಿದ್ದರು ಅಂತ ಯಾವ ಪ್ಲೇಟೂ ಹೇಳುವುದಿಲ್ಲ. ಊರೂರಲ್ಲಿ ಅಮಾವಾಸ್ಯೆಗೆ ಏಕತಾರಿ, ದಮ್ಮಡಿ, ತಾಳ ಹಿಡಿದು ಹಾಡಿದರು, ಬೆಳಗಾದ ಮೇಲೆ ಹೊಲಕ್ಕೆ ಹೋದರು. ಮೊಹರಂನಲ್ಲಿ ರಿವಾಯತ್ ಪದ ಹಾಡುವವರದೂ ಹಾಗೇ.

ನಮ್ಮ ಮಂಡಳಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಹಗಲು ಗಾರೆ ಕೆಲಸ. ಅವನು ಪದ ಎತ್ತಿಕೊಂಡರೆ ಮೊದಲ ಸಾಲನ್ನು ಒಮ್ಮೆಲೇ ಹಾಡಿ ಮುಗಿಸುವುದಿಲ್ಲ. ಅರ್ಧ ಹಾಡಿ ನಿಲ್ಲಿಸುತ್ತಾನೆ, ಹಿಮ್ಮೇಳದವರು ಅದನ್ನೇ ಎತ್ತಿ ಕೊಡುತ್ತಾರೆ, ಉಳಿದರ್ಧ ಎಳೆಯುವಾಗ ಕಣ್ಣು ಮುಚ್ಚಿ ತಲೆ ಒಂದು ಕಡೆಗೆ ವಾಲಿಸುತ್ತಾನೆ. ಕೂತವರಲ್ಲಿ ಯಾರೋ ಮುದುಕರು "ಹೌದಪ್ಪ ಹೌದು" ಅಂದರೆ ಆ ಸಾಲಿಗೇ ಮತ್ತೆ ತಿರುಗಿ ಬರುತ್ತಾನೆ, ಈ ಸಲ ಬೇರೆ ಧಾಟಿಯಲ್ಲಿ. ಆ ಮುದುಕರು ಅನ್ನದಿದ್ದರೆ ಆ ಎರಡನೇ ಧಾಟಿ ಹುಟ್ಟುತ್ತಲೇ ಇರಲಿಲ್ಲ. ಇಂಥದ್ದು ಮೊಬೈಲಿನಲ್ಲಿ ಹೇಗೆ ಸಿಗುತ್ತದೆ? ಕೇಳುವವನು ಎದುರಿಗೆ ಇರಬೇಕು. ಈಗ ಹಾಡುತ್ತಿರುವವರನ್ನು ಈಗಲೇ ಹೋಗಿ ಕೇಳಿ, ಆಗಿದ್ದರೆ ಒಪ್ಪಿಗೆ ಕೇಳಿ ರೆಕಾರ್ಡೂ ಮಾಡಿಕೊಳ್ಳಿ.

ದಾಲ್ ಮಿಲ್‌ನವರಿಗೆ ಒಂದು ಮಾತು. ಕೇರಿ, ಆರಿಸಿ, ಪಾಲಿಶ್ ಆಗಿ ಬಂದ ಬೇಳೆಯನ್ನು ಕಣದಲ್ಲಿ ಬಿದ್ದ ರಾಶಿಯ ಜೊತೆ ನೀವು ಹೋಲಿಸುತ್ತೀರಾ? 1950ರಲ್ಲಿಯೂ ಸಾಧಾರಣ ಹಾಡುಗಾರರು ಬಹಳ ಇದ್ದರು. ಅವರ ಹೆಸರು ಉಳಿದಿಲ್ಲ ಅಷ್ಟೇ.


ಹಳೆ ಪ್ಲೇಟು, ಬೀದರ್:

ಯಾದಗಿರಿಯವರೇ, ಕೈ ಮುಗಿಯುತ್ತೇನೆ. ನಿಮ್ಮ ಮಂಡಳಿಯ ಭಜನೆ ಯಾವ ಊರಲ್ಲಿ ಅಂತ ಮೆಸೇಜ್ ಮಾಡಿ, ಬರುತ್ತೇನೆ. ಸಿತಾರ್ ತಮ್ಮನಿಗೂ ಒಂದು ಮಾತು. ನೀನು ಹೇಳಿದ್ದು ಸರಿ ಇದೆ, ಕತ್ತರಿಸುವವರು ಬೇರೆ, ಹಾಡುವವರು ಬೇರೆ. ಆದರೆ ಸಮಯ ಕಮ್ಮಿ ಆಗಿರುವುದಂತೂ ನಿಜ. ಮೊದಲು ಮೈಫಿಲ್ ಬೆಳಗಿನ ತನಕ ನಡೆಯುತ್ತಿತ್ತು. ಈಗ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಬಂದ್ ಮಾಡಬೇಕು. ನಡುರಾತ್ರಿಯ ರಾಗ, ನಸುಕಿನ ರಾಗ ಹಾಡಲು ತರುಣರಿಗೆ ವೇದಿಕೆಯೇ ಸಿಗುವುದಿಲ್ಲ. ಲಲತ್, ಭಟಿಯಾರಗಳನ್ನು ಅವರು ಹಾಡಬೇಕೆಂದರೆ ಯಾರಾದರೂ ಬೆಳಗಿನ ಬೈಠಕ್ ಇಡಬೇಕು.


ತಂಬೂರಿ, ಕಲಬುರಗಿ:

ಬೆಳಗಿನ ಬೈಠಕ್ ಒಳ್ಳೆ ಮಾತು. ಅದಕ್ಕೆ ದೊಡ್ಡ ಸಭಾಂಗಣವೂ ಬೇಡ, ಮೈಕೂ ಬೇಡ. ಯಾರದಾದರೂ ಮನೆಯ ಪಡಸಾಲೆ, ಜಮಖಾನೆ, ಎರಡು ತಂಬೂರಿ, ಪೇಟಿ (ಹಾರ್ಮೋನಿಯಂ), ತಬಲಾ ಸಾಥ್ ಇದ್ದರೆ ಆಯಿತು. ಮೈಕ್ ಇಲ್ಲದೆ ಷಡ್ಜ ಹಚ್ಚಿದಾಗ ತಂಬೂರಿಯೊಳಗೆ ಆ ಧ್ವನಿ ಹೋಗಿ ಸೇರುವುದು ಕೂತವರಿಗೆ ಕೇಳುತ್ತದೆ. ಮುಖ್ಯವಾಗಿ, ಕಲಾವಿದರಿಗೆ ಸಂಭಾವನೆ ಕೊಡಲೇಬೇಕು. ಹೆಸರಾದವರಿಗೆ ದೊಡ್ಡ ಮೊತ್ತ, ಹೊಸಬರಿಗೆ ಶಾಲು ಹಾರ ಅಂತ ಮಾಡಿದರೆ ಹೊಸಬರು ರಿಯಾಜ್ ಬಿಟ್ಟು ನೌಕರಿ ಹುಡುಕುತ್ತಾರೆ. ನನ್ನ ಜೊತೆ ಕಲಿತವರಲ್ಲೇ ಹಾಗಾಗಿದೆ, ಒಳ್ಳೆ ಗಂಟಲು ಇದ್ದವರು.

ಅಣ್ಣಾ, ಎಲ್ಲಿ ಕೇಳುವುದು ಅಂದಿರಿ. ಪುಣೆಯ ಸವಾಯಿ ಗಂಧರ್ವ ಉತ್ಸವಕ್ಕೆ ಒಮ್ಮೆ ಬನ್ನಿ. ಭೀಮಸೇನರು ತಮ್ಮ ಗುರುವಿನ ನೆನಪಿಗೆ 1953ರಲ್ಲಿ ಶುರು ಮಾಡಿದ್ದು, ಡಿಸೆಂಬರಿನಲ್ಲಿ ನಡೆಯುತ್ತದೆ. ನಮಗೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಸೊಲ್ಲಾಪುರದ ಮೇಲೆ ನೇರ ಅಲ್ಲಿಗೇ ಹೋಗುತ್ತದೆ. ಕುರ್ಚಿ ಟಿಕೆಟ್ ತೆಗೆದುಕೊಳ್ಳಬೇಡಿ, ನೆಲದ ಮೇಲೆ ಕೂರುವ ಭಾರತೀಯ ಬೈಠಕ್ ಕಡೆಗೆ ಬನ್ನಿ. ರೇಟೂ ಕಮ್ಮಿ, ಪಕ್ಕದಲ್ಲಿ ಕೂತವರು ತಾಳ ಹಾಕುತ್ತಾ ಕೇಳುವವರು. ಹೆಸರಾದವರು ರಾತ್ರಿ ಕೊನೆಗೆ ಹಾಡುತ್ತಾರೆ. ನೀವು ಮಧ್ಯಾಹ್ನ ಶುರುವಿಗೇ ಬಂದು ಕೂರಿ, ಮೊದಲು ಕೂರಿಸುವುದು ತರುಣರನ್ನೇ. ರೈಲಿಗೆ ಆ ವಾರದಲ್ಲಿ ಬಹಳ ಗದ್ದಲ ಇರುತ್ತದೆ. ರಿಸರ್ವೇಷನ್ ತೆರೆದ ದಿನವೇ ಮಾಡಿಸಿ.