ಅಪ್‌ಡೇಟ್: ಗುಡ್ಡದ ಮ್ಯಾರಥಾನ್ ಮುಗಿಸಿದೆ, ಕಾಲು ಇನ್ನೂ ನನ್ನದಾಗಿಲ್ಲ

ಏರಿಳಿತ ಇರುವ ನಗರದಲ್ಲಿ ನನ್ನ ಮೊದಲ ಮ್ಯಾರಥಾನ್, ಈವರೆಗೆ ಸಮತಟ್ಟು ರಸ್ತೆಯಲ್ಲಷ್ಟೇ ಓಡಿದ್ದೇನೆ, ಏರಿನಲ್ಲೂ ಅದೇ ವೇಗ ಹಿಡಿಯಬೇಕಾ ಎಂದು ಕೇಳಿದ್ದೆ. ವೇಗ ಮರೆತುಬಿಡಿ, ಉಸಿರು ನೋಡಿಕೊಳ್ಳಿ ಎಂದವರೇ ಜಾಸ್ತಿ. 42.195 ಕಿ.ಮೀ. ಮುಗಿಸಿದೆ!

ಏರು ಅಷ್ಟೇನೂ ಕಾಡಲಿಲ್ಲ. ಹೆಜ್ಜೆ ಚಿಕ್ಕದು ಮಾಡಿದೆ, ವಾಚ್ ನೋಡುವುದನ್ನೇ ಬಿಟ್ಟೆ. ತೀರಾ ಕಡಿದಾದ ಕಡೆ ನಡೆದೆ. ಪಕ್ಕದಲ್ಲಿ ಓಡುತ್ತಿದ್ದವರು ಹೆಚ್ಚು ಮುಂದೆ ಹೋಗಲೂ ಇಲ್ಲ.

ಏಟು ಬಿದ್ದದ್ದು ಇಳಿಜಾರಿನಲ್ಲಿ. ಏರಿನಲ್ಲಿ ಕಳೆದ ಸಮಯ ವಾಪಸ್ ಪಡೆಯುತ್ತೇನೆ ಅಂತ ಸುಮ್ನೆ ಕಾಲು ಬಿಟ್ಟುಕೊಂಡು ಓಡಿದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರಕ್ಕೆ ಬ್ರೇಕ್ ಹಾಕಬೇಕು. ಅದಕ್ಕೇ ಅಷ್ಟು ಪೆಟ್ಟು. 30 ಕಿ.ಮೀ. ದಾಟುವಾಗ ತೊಡೆಗಳು ಕಲ್ಲು. ಆಮೇಲಿನದು ಓಟ ಅಲ್ಲ, ಎಳೆದಾಟ.

ಇಳಿಯುವುದನ್ನೂ ಅಭ್ಯಾಸ ಮಾಡಿ ಎಂದು ಒಬ್ಬರು ಬರೆದಿದ್ದರು. ಇಳಿಯೋಕೂ ಅಭ್ಯಾಸ ಬೇಕಾ ಎಂದು ನಕ್ಕಿದ್ದೆ. ಕ್ಷಮಿಸಿ, ನೀವು ಹೇಳಿದ್ದೇ ಸರಿ.

ಸಮಯ 5 ಗಂಟೆ 12 ನಿಮಿಷ. ಅಂದುಕೊಂಡದ್ದಕ್ಕಿಂತ ಅರ್ಧ ಗಂಟೆ ಜಾಸ್ತಿ, ಬೇಜಾರಿಲ್ಲ. ನೋವು ಮಾರನೇ ದಿನಕ್ಕಿಂತ ಅದರ ಮರುದಿನವೇ ಹೆಚ್ಚಿತ್ತು. ಮೂರು ದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಮನೆಯವರಿಗೆ ಒಳ್ಳೆ ತಮಾಷೆ.