ಸಹಾಯ ಬೇಕು: ಬಳ್ಳಾರಿಯ ಕೌಲ್ ಬಜಾರ್, ಬ್ರೂಸ್‌ಪೇಟೆಯ ಹಳೇ ದಾಖಲೆಗಳು

ಎಲ್ಲರಿಗೂ ನಮಸ್ಕಾರ. ನಮ್ಮೂರು ಬಳ್ಳಾರಿಯ ಹಳೇ ಬಡಾವಣೆಗಳ ಇತಿಹಾಸ ಬರೆಯೋಣ ಅಂತ ಶುರು ಮಾಡಿದ್ದೇನೆ. ಮೊದಲು ಕೌಲ್ ಬಜಾರ್, ಆಮೇಲೆ ಬ್ರೂಸ್‌ಪೇಟೆ. ಕೋಟೆಯ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಜನ ಬದುಕಿದ ಓಣಿಗಳ ಬಗ್ಗೆ ಬರೆದದ್ದು ತೀರಾ ಕಡಿಮೆ.

1904ರ ಫ್ರಾನ್ಸಿಸ್ ಅವರ ಬಳ್ಳಾರಿ ಗೆಜೆಟಿಯರ್, ಅದಕ್ಕೂ ಹಿಂದಿನ 1872ರ ಕೆಲ್ಸಾಲ್ ಅವರ ಮ್ಯಾನ್ಯುಯಲ್, ಬ್ರಿಟಿಷರ ಕಾಲದ ಈ ಎರಡೂ ಜಿಲ್ಲಾ ವಿವರ ಪುಸ್ತಕಗಳನ್ನು ಓದಿದ್ದೇನೆ. ಊರಿನ ಚಿತ್ರ ಸಿಗುತ್ತದೆ, ಮನೆಮನೆಯ ವಿವರ ಸಿಗುವುದಿಲ್ಲ. ಅದಕ್ಕೆ ನಕ್ಷೆ, ಮನೆ ಕಂದಾಯದ ರಿಜಿಸ್ಟರ್, ಮತದಾರರ ಪಟ್ಟಿ ಬೇಕು. 1953ರ ಅಕ್ಟೋಬರ್ 1ರವರೆಗೆ ನಾವು ಮದ್ರಾಸ್ ರಾಜ್ಯದವರೇ ಅಲ್ವಾ? ಹಾಗಾಗಿ ಹಳೇ ಕಡತಗಳನ್ನು ಚೆನ್ನೈನ ಎಗ್ಮೋರ್‌ನಲ್ಲಿರುವ ಪತ್ರಾಗಾರದಲ್ಲೂ ಹುಡುಕಬೇಕು. ಅಲ್ಲಿ ಕೂತು ಕೆಲಸ ಮಾಡಿದವರು ಯಾರಾದರೂ ಇದ್ದೀರಾ? ಅನುಮತಿಗೆ ಯಾವ ಪತ್ರ ಕೇಳುತ್ತಾರೆ, ನಕ್ಷೆಯ ಫೋಟೋ ತೆಗೆಯಲು ಬಿಡುತ್ತಾರಾ, ದಯವಿಟ್ಟು ತಿಳಿಸಿ.

ಇನ್ನೊಂದು ಮಾತು. ನಿಮ್ಮ ಮನೆಯ ಹಳೇ ಕ್ರಯಪತ್ರ ಇದ್ದರೆ ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಇರುವ ಪುಟ ಸುಮ್ನೆ ಒಮ್ಮೆ ನೋಡಿ. ನಾನು ನೋಡಿದ ಒಂದು ತೆಲುಗು ಪತ್ರದಲ್ಲಿ ಪೂರ್ವಕ್ಕೆ ಸೇದೋ ಬಾವಿ, ಉತ್ತರಕ್ಕೆ ಕುದುರೆ ಲಾಯ ಅಂತಿತ್ತು. ಈಗ ಅಲ್ಲಿ ಎರಡೂ ಇಲ್ಲ. ಇಂಥ ಒಂದು ಸಾಲು ನನಗೆ ಗೆಜೆಟಿಯರ್‌ನ ಪುಟಕ್ಕಿಂತ ಜಾಸ್ತಿ. ಹೆಸರು, ಸರ್ವೆ ನಂಬರ್ ಮುಚ್ಚಿ ಆ ಭಾಗದ ಫೋಟೋ ಮಾತ್ರ ಕಳಿಸಿದರೆ ಸಾಕು. ಹಳೇ ತೆಲುಗು ಕೈಬರಹ ಓದಬಲ್ಲ ಹಿರಿಯರು ಇದ್ದರೂ ಹೇಳಿ, ಅವರ ಮನೆಗೇ ಬರುತ್ತೇನೆ.